ಇಪ್ಪತ್ತೊಂಬತ್ತನೆಯ ಪ್ರಶ್ನೆ

ಜನವರಿ 9, ಶುಕ್ರವಾರ

ಬೆಳಿಗ್ಗೆಯಿಂದ ಹನ್ನೊಂದು ಫೋನ್. ಅನ್ನನಾಳದ ಕ್ಯಾನ್ಸರ್‌ಗೆ ಆಪರೇಷನ್ ಆಗಿ ತೊಂಬತ್ತು ದಿನ ತುಂಬಿದವರಿಗೆ ನಾಲ್ಕು, ವರ್ಷ ತುಂಬಿದವರಿಗೆ ಏಳು. ಎಂಟು ವರ್ಷದಿಂದ ಇದೇ ಕೆಲಸ, ಇದೇ ಪ್ರಶ್ನೆ — ನುಂಗೋದಕ್ಕೆ ಆಗ್ತಿದೆಯಾ? ಏನು ಬೇಕಾದರೂ ನುಂಗಿದರೆ ಸೊನ್ನೆ. ಗಟ್ಟಿ ಊಟ ಅಗಿದು ಅಗಿದು ಇಳಿಸಿದರೆ ಒಂದು. ಮೆತ್ತಗಿನದು ಮಾತ್ರ ಅಂದರೆ ಎರಡು. ನೀರಿನಂಥದ್ದು ಮಾತ್ರ, ಮೂರು. ಎಂಜಲೂ ಇಳಿಯದಿದ್ದರೆ ನಾಲ್ಕು. ಬಸ್ ಡ್ರೈವರ್ ಇವತ್ತು ಸೊನ್ನೆ. ಖುಷಿಯಾಯಿತು. ಬೇಕರಿಯವನ ಮನೆಯಲ್ಲಿ ಫೋನ್ ಎತ್ತಿದ್ದು ಹೆಂಡತಿ. ದನಿ ಕೇಳಿದ ಕೂಡಲೇ ಗೊತ್ತಾಯಿತು. ತಾರೀಖು ಮಾತ್ರ ಕೇಳಿ ಬರೆದುಕೊಂಡೆ.

ಸೋಮವಾರದಿಂದ ಹೊಸ ಸಂಶೋಧನೆ. ಈ ಕಾಯಿಲೆ ಯಾರಿಗೆ ಬರುತ್ತದೆ, ಬಂದವರು ಆಸ್ಪತ್ರೆಗೆ ಬರುವುದು ಯಾಕೆ ಇಷ್ಟು ತಡ. ನಲವತ್ತು ಪ್ರಶ್ನೆಯ ಫಾರ್ಮ್. ಜೊತೆಗೊಂದು ಥರ್ಮಾಮೀಟರ್ — ಕುದಿಯುವಂಥದ್ದನ್ನು ಕುಡಿಯುವವರಿಗೆ ಅಪಾಯ ಹೆಚ್ಚೇ ಎಂದು ನೋಡಬೇಕಂತೆ. 28, 29 ನನಗೆ ಹಿಡಿಸಿದವು. ನುಂಗಲು ಕಷ್ಟ ಅಂತ ಮೊದಲು ಯಾರಿಗೆ ಹೇಳಿದಿರಿ? ಅವರು ಏನು ಹೇಳಿದರು? ಉತ್ತರ ಈಗಲೇ ಬಾಯಿಪಾಠ. ಔಷಧಿ ಅಂಗಡಿಯವನಿಗೆ ಹೇಳಿದೆ, ಗ್ಯಾಸ್ ಮಾತ್ರೆ ಕೊಟ್ಟ. ಮಾವನಿಗೆ ಹೇಳಿದೆ, ಸೋಡಾ ಕುಡಿ ಅಂದ. ಇಂಥ ಬುದ್ಧಿವಂತರಿಂದಲೇ ಆರಾರು ತಿಂಗಳು ಹಾಳು. ಒಬ್ಬೊಬ್ಬರನ್ನೂ ಹಿಡಿದು ಬಾರಿಸಬೇಕು.

ಡಾಕ್ಟರಮ್ಮನ ಆರ್ಡರ್: ಮೊದಲು ಮನೆಯವರ ಮೇಲೆ ಪ್ರಾಕ್ಟೀಸ್ ಮಾಡಿಕೊಂಡು ಬನ್ನಿ. ಮನೆಯವರು ಅಂತ ನನಗಿರುವುದು ಅಕ್ಕ ಒಬ್ಬಳು.

ಜನವರಿ 11, ಭಾನುವಾರ

ಅಕ್ಕ ಹೊಲಿಗೆ ಮೆಷಿನ್ ಬಿಟ್ಟು ಏಳಲೊಲ್ಲಳು. ಪೆಡಲ್ ತುಳಿಯುತ್ತಲೇ ಉತ್ತರ. ಟೀ ಕಪ್ಪಿಗೆ ಥರ್ಮಾಮೀಟರ್ ಇಟ್ಟು, ದಿನಾ ಕುಡಿಯುವಷ್ಟು ಆರಿದಾಗ ಕುಡಿ ಅಂದೆ. ಬಗ್ಗಿಸಿದ್ದೇ ತಡ, ಎತ್ತಿ ಗುಟುಕರಿಸಿದಳು. ಎಪ್ಪತ್ತೊಂದು ಡಿಗ್ರಿ! ನಾನು ಐವತ್ತೆಂಟಕ್ಕೇ ತುಟಿ ಸುಟ್ಟುಕೊಂಡೆ. ಅಪ್ಪ ಇವಳನ್ನು ತಾಮ್ರದ ಗಂಟಲು ಅಂತ ಸುಮ್ಮನೆ ಕರೆಯುತ್ತಿರಲಿಲ್ಲ.

ಎಲ್ಲದಕ್ಕೂ ಇಲ್ಲ ಇಲ್ಲ ಅಂದರೆ ನನಗೆ ಪ್ರಾಕ್ಟೀಸ್ ಎಲ್ಲಿಂದ ಬರಬೇಕು, ಸ್ವಲ್ಪ ಸುಳ್ಳು ಪಳ್ಳು ಸೇರಿಸಿ ನನ್ನನ್ನು ಪೇಚಿಗೆ ಸಿಕ್ಕಿಸು ಅಂದೆ. ಶುರುವಾಯಿತು. ದಿನಕ್ಕೆ ಎರಡು ಪ್ಯಾಕ್ ಸಿಗರೇಟಂತೆ. ಮೂವರು ಗಂಡಂದಿರಂತೆ, ಮೂವರೂ ಕುಡುಕರಂತೆ, ಅವರ ಕಾಟಕ್ಕೆ ತಾನೂ ಕುಡಿಯುತ್ತಾಳಂತೆ. ಐವತ್ನಾಲ್ಕಾದರೂ ಮದುವೆಯ ಗೋಜಿಗೇ ಹೋಗದವಳು. 27ಕ್ಕೆ ಬಂದಾಗ ಮೆಷಿನ್ ನಿಲ್ಲಿಸಿದಳು. ಗಟ್ಟಿ ಊಟ ನುಂಗುವಾಗ ಎದೆಯಲ್ಲಿ ಸಿಕ್ಕಿಕೊಂಡಂತೆ ಆಗುತ್ತದೆಯೇ? ಆಗುತ್ತೆ, ವಾರಕ್ಕೊಂದು ಸಲ, ನೀರು ಕುಡಿದರೆ ಇಳಿಯುತ್ತೆ ಅಂದಳು. ಮುಖ ಎಷ್ಟು ಗಂಭೀರ! 28, ಮೊದಲು ಯಾರಿಗೆ ಹೇಳಿದಿರಿ?

"ನಿಂಗೇ."

ನಗು ತಡೆಯಲಾಗಲಿಲ್ಲ. ನಕ್ಕು ನಕ್ಕು ಕಣ್ಣಲ್ಲಿ ನೀರು. ಅವಳೂ ನಕ್ಕಳು. 29 ಹಾಗೇ ಖಾಲಿ ಬಿಟ್ಟೆ. ಫಾರ್ಮಿನ ಮೇಲೆ ಕೆಂಪು ಶಾಯಿಯಲ್ಲಿ ಅಡ್ಡಕ್ಕೆ 'ಪ್ರಾಕ್ಟೀಸ್' ಅಂತ ಬರೆದು ಬ್ಯಾಗಿಗೆ ಹಾಕಿದೆ. ಟೈಲರ್ ಆಗಿ ಕೆಟ್ಟಳು, ನಾಟಕದ ಕಂಪನಿ ಸೇರಬೇಕಿತ್ತು.

ಫೆಬ್ರವರಿ 20

ಅರವತ್ತು ಜನ ಆಯಿತು. ಒಂದು ಮುದುಕಿ ಥರ್ಮಾಮೀಟರ್ ನೋಡಿ, ಟೀಗೂ ಜ್ವರ ಬರುತ್ತಾ ಅಂತ ಕೇಳಿತು. ಮನೆಗೆ ಬಂದು ಅಕ್ಕನಿಗೆ ಹೇಳಿದೆ. ನಕ್ಕಳು. ಊಟ ಆಗಲೇ ಆಯಿತಂತೆ. ಈಗೀಗ ನನಗೆ ಕಾಯುವುದಿಲ್ಲ.

ಏಪ್ರಿಲ್ 7

ಅಕ್ಕನಿಗೆ ಕಟ್ಟಿಸಿದ ಹಲ್ಲು ಸರಿಯಾಗಿ ಕೂತಿಲ್ಲವಂತೆ. ಅದಕ್ಕೇ ಬ್ರೆಡ್ಡನ್ನು ಟೀಯಲ್ಲಿ ಅದ್ದಿ ತಿನ್ನುವುದು. ಹಲ್ಲಿನ ಡಾಕ್ಟರ ಹತ್ತಿರ ಎಳೆದುಕೊಂಡು ಹೋದೆ. ಅವರು ಎಲ್ಲ ಸರಿಯಾಗಿದೆ ಅಂದರು. ಸರಿಯಾಗಿದ್ದರೆ ಯಾಕೆ ಹೀಗೆ ತಿನ್ನುತ್ತಾಳೆ ಅಂತ ಅವರ ಮೇಲೇ ರೇಗಿದೆ. ಪಾಪ, ಒಂದು ಚೂರು ಉಜ್ಜಿ ಕೊಟ್ಟರು.

ಜುಲೈ 18, ಶನಿವಾರ

ಮಧ್ಯಾಹ್ನ ರಜ. ಬಹಳ ದಿನದ ಮೇಲೆ ಇಬ್ಬರೂ ಒಟ್ಟಿಗೆ ಊಟಕ್ಕೆ ಕೂತೆವು. ನಾಲ್ಕು ತುತ್ತು. ಅಕ್ಕ ಎದ್ದು ಬಚ್ಚಲಿಗೆ ಓಡಿದಳು. ಬಾಗಿಲ ಹೊರಗೆ ನಿಂತು ಕೇಳಿಸಿಕೊಂಡೆ. ಬಂದು ಕೂತು, ನೀರು ಕುಡಿದು, ಹಲ್ಲು ಕಣೋ ಅಂದಳು. ನನ್ನ ತಲೆಯೊಳಗೆ ತಾನಾಗಿ ನಂಬರ್ ಬಂದುಬಿಟ್ಟಿತು. ಎರಡು. ಮೂರಕ್ಕೆ ಹತ್ತಿರ.

ಕೈ ಹಿಡಿದು ನೋಡಿದೆ. ಬಳೆ ಮೊಳಕೈವರೆಗೆ ಏರುತ್ತದೆ. ನನಗೆ ಕಾಣಲೇ ಇಲ್ಲವಲ್ಲ! ತೆಳ್ಳಗಾದ ಹಾಗೆಲ್ಲ ತನ್ನ ಬಟ್ಟೆಯನ್ನು ತಾನೇ ಪಕ್ಕ ಹಿಡಿದು ಹೊಲಿದುಕೊಂಡಿದ್ದಾಳೆ. ಎಲ್ಲಿಯೂ ಸಡಿಲ ಇಲ್ಲ. ಸಂಜೆಯೇ ಆಸ್ಪತ್ರೆಗೆ ಕರೆದುಕೊಂಡು ಹೋದೆ.

ಜುಲೈ 22

ಎಂಡೋಸ್ಕೋಪಿ. ಡಾಕ್ಟರಮ್ಮ ತಮ್ಮ ರೂಮಿಗೆ ಕರೆಸಿ ಕೂತುಕೊಳ್ಳಿ ಅಂದರು. ಎಂಟು ವರ್ಷದಲ್ಲಿ ಆ ಕುರ್ಚಿ ರೋಗಿಯ ಮನೆಯವರದು. ನಾನು ಯಾವತ್ತೂ ನಿಂತೇ ಮಾತಾಡಿದವನು.

ಕೂತೆ.

ಜುಲೈ 23

ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ ಪ್ರಾಕ್ಟೀಸ್ ಫೈಲ್ ತೆಗೆದೆ. ಇದೆ. ನನ್ನದೇ ಅಕ್ಷರ. 27, ಹೌದು, ವಾರಕ್ಕೊಮ್ಮೆ, ನೀರು ಕುಡಿದರೆ ಇಳಿಯುತ್ತದೆ. ಜನವರಿ 11.

ಸಿಗರೇಟು ಸುಳ್ಳು, ಗಂಡಂದಿರು ಸುಳ್ಳು. ಇದು...

ಆರು ತಿಂಗಳು. ಊರವರ ಗಂಟಲಿನ ಲೆಕ್ಕವೆಲ್ಲ ನನ್ನ ಹತ್ತಿರ, ನನ್ನ ಮನೆಯದು ಮಾತ್ರ ಗೊತ್ತಿಲ್ಲ. ದೀಪದ ಬುಡದಲ್ಲಿ ಕತ್ತಲು ಅಂತಾರಲ್ಲ, ಆ ಕತ್ತಲು ನಾನೇ. ಫಾರ್ಮನ್ನು ಮಡಚಿ ಜೇಬಿಗೆ ಹಾಕಿಕೊಂಡೆ. ಹೊರಗೆ ತರಬಾರದು. ತಂದೆ. ಒಬ್ಬರಿಗೂ ಹೇಳಲಿಲ್ಲ.

ಅಕ್ಕನ ಹೆಸರು ಈಗ ನಿಜವಾದ ಸಂಶೋಧನೆಯಲ್ಲಿದೆ. ಸ್ವಂತದವರ ಫಾರ್ಮ್ ನಾವು ತುಂಬುವ ಹಾಗಿಲ್ಲ. ವಾರ್ಡಿನ ಸಿಸ್ಟರ್ ತುಂಬಿಸಿಕೊಂಡು ಕವರಿಗೆ ಹಾಕಿದರು. ನಾನು ಕಾರಿಡಾರಿನಲ್ಲಿ ನಿಂತಿದ್ದೆ. ಕಂಪ್ಯೂಟರಿಗೆ ಏರಿಸುವ ಕೆಲಸ ನನ್ನದೇ. ಆ ಕವರ್ ಒಂದನ್ನು ಕಟ್ಟಿನ ತಳಕ್ಕೆ ಸೇರಿಸಿದೆ. ನೋಡುವ ಧೈರ್ಯ ಇಲ್ಲ.

ಸೆಪ್ಟೆಂಬರ್ 14

ರೇಡಿಯೇಷನ್, ಕೀಮೋ ಎರಡೂ ಮುಗಿಯಿತು. ಕೂದಲು ಹೋಗಲಿಲ್ಲ, ದನಿ ಹೋಯಿತು. ಕತ್ತರಿಯಿಂದ ಮೇಜು ಕುಟ್ಟಿ ನನ್ನನ್ನು ಕರೆಯುತ್ತಾಳೆ.

ನನಗೆ ಒಂಬತ್ತು ವರ್ಷ, ಅವಳಿಗೆ ಹದಿನಾರು, ಆಗ ಅಮ್ಮ ಹೋದದ್ದು. ಜ್ವರ ಬಂದರೆ ಅವಳು ಹೀಗೆಯೇ ಪಕ್ಕದಲ್ಲಿ ಕೂರುತ್ತಿದ್ದಳು. ಒಂದು ದಿನವೂ ನನ್ನ ಮಾತನ್ನು ತಮಾಷೆ ಅಂದುಕೊಂಡವಳಲ್ಲ.

ಅಕ್ಟೋಬರ್ 29

ಗಡ್ಡೆ ಕುಗ್ಗಿದೆ! ಅಕ್ಕನ ದನಿಯೂ ಮರಳಿದೆ. ಆಪರೇಷನ್ ಮಾಡಬಹುದು. ಡಾಕ್ಟರಮ್ಮ ಚಿತ್ರ ಬರೆದು ತೋರಿಸಿದರು. ಅನ್ನನಾಳ ತೆಗೆದು, ಹೊಟ್ಟೆಯನ್ನೇ ಕೊಳವೆ ಮಾಡಿ ಮೇಲಕ್ಕೆಳೆದು ಕುತ್ತಿಗೆಯಲ್ಲಿ ಜೋಡಿಸುವುದು. ಅಕ್ಕ ಚಿತ್ರವನ್ನು ತಿರುಗಿಸಿ ತಿರುಗಿಸಿ ನೋಡಿದಳು. ಬಟ್ಟೆ ಸಾಲದಿದ್ದರೆ ಒಳಮಡಿಕೆ ಬಿಚ್ಚಿ ಉದ್ದ ಮಾಡುತ್ತೇವಲ್ಲ, ಹಾಗೆ ಅಂದಳು. ಯಾವ ದಾರ ಹಾಕುತ್ತೀರಿ ಅಂತಲೂ ಕೇಳಿದಳು. ಡಾಕ್ಟರಮ್ಮ ನಕ್ಕುಬಿಟ್ಟರು.

ವಾಪಸು ಬರುವಾಗ ಬಸ್ಸಿನಲ್ಲಿ, ನೂರಕ್ಕೆ ಎಷ್ಟು ಜನ ಹೋಗುತ್ತಾರೆ ಅಂತ ಕೇಳಿದಳು. ನಮ್ಮ ರಿಜಿಸ್ಟರಿನಲ್ಲಿ ತೊಂಬತ್ತು ದಿನದೊಳಗೆ ಐದು ಅಂದೆ. ಹಾಗಾದರೆ ತೊಂಬತ್ತೈದು ಜನಕ್ಕೆ ನೀನು ಫೋನ್ ಮಾಡುತ್ತೀಯ, ನನಗೂ ಮಾಡು, ಮನೆಯಲ್ಲೇ ಇರುತ್ತೇನೆ ಅಂದಳು.

ನವೆಂಬರ್ 12, ಗುರುವಾರ

ನಾಳೆ ಬೆಳಿಗ್ಗೆ ಆಪರೇಷನ್. ವಾರ್ಡಿನಲ್ಲಿ ಕಿಟಕಿ ಪಕ್ಕದ ಮಂಚ. ಇನ್ನು ತಡೆಯಲಾಗಲಿಲ್ಲ. ಫಾರ್ಮ್ ತೆಗೆದು ಅವಳ ಕೈಗೆ ಕೊಟ್ಟೆ. ಕನ್ನಡಕ ಹಾಕಿಕೊಂಡು ಓದಿದಳು. ಮೂವರು ಗಂಡಂದಿರ ಹತ್ತಿರ ಬಂದಾಗ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ಆಮೇಲೆ 27.

"ಇದೊಂದು ನಿಜ ಹೇಳಿದ್ದೆ ಕಣೋ."

ಯಾಕೆ ಮತ್ತೆ ಹೇಳಲಿಲ್ಲ ಅಂತ ಕೇಳಿದೆ. ಕೇಳಬಾರದಿತ್ತು. ಕೇಳಿದೆ.

"ನೀನು ನಕ್ಕೆಯಲ್ಲ. ಇಂಥವರನ್ನ ದಿನಾ ನೋಡೋನು ನೀನು. ಏನಾದ್ರೂ ಇದ್ದಿದ್ರೆ ಇವನು ನಗ್ತಿರಲಿಲ್ಲ ಅಂದ್ಕೊಂಡೆ. ಧೈರ್ಯ ಬಂತು. ಆಮೇಲೆ ಜಾಸ್ತಿ ಆದಾಗ ಹೇಳೋಕೆ ಹೆದರಿಕೆ ಆಯ್ತು."

ಅವಳ ಕಾಲ ಮೇಲೆ ತಲೆಯಿಟ್ಟು ಅತ್ತೆ. ನಲವತ್ತೇಳು ವರ್ಷದ ಗಂಡಸು, ವಾರ್ಡಿಡೀ ನೋಡುತ್ತಿದೆ. ಬೈದಿದ್ದರೆ ಚೆನ್ನಾಗಿರುತ್ತಿತ್ತು. ಬೈಯಲಿಲ್ಲ. ತಲೆ ಸವರಿದಳು. ಹೊಲಿಗೆ ತಪ್ಪಿದರೆ ಬಿಚ್ಚಿ ಹೊಲಿಯಬೇಕು, ಬಟ್ಟೆ ಬಿಸಾಡುತ್ತಾರಾ ಅಂದಳು. ಹೋಗಿ ಊಟ ಮಾಡು ಅಂದಳು.

ನವೆಂಬರ್ 13

ಏಳು ಗಂಟೆ ಹಿಡಿಯಿತು. ಚೆನ್ನಾಗಿ ಆಗಿದೆ. ಡಾಕ್ಟರಮ್ಮ ಮಾಸ್ಕ್ ಇಳಿಸಿ ನಕ್ಕರು. ಆ ನಗು ನಂಬಿದೆ.

ನವೆಂಬರ್ 20

ಇವತ್ತು ಸಿಸ್ಟರ್ ಒಂದು ಚಮಚ ನೀರು ಕೊಟ್ಟರು. ಬಾಯಲ್ಲಿ ಇಟ್ಟುಕೊಂಡು, ಕಣ್ಣು ಮುಚ್ಚಿ, ನಿಧಾನಕ್ಕೆ ನುಂಗಿದಳು. ಇಳಿಯಿತು! ತಣ್ಣೀರಿಗೆ ಇಷ್ಟು ರುಚಿ ಇರುತ್ತೆ ಅಂತ ಗೊತ್ತೇ ಇರಲಿಲ್ಲ ಅಂತ ಸನ್ನೆಯಲ್ಲಿ, ಪಿಸುಮಾತಿನಲ್ಲಿ ಹೇಳಿದಳು. ಐವತ್ನಾಲ್ಕು ವರ್ಷ ಬೆಂಕಿ ಕುಡಿದವಳು. ಇನ್ನೊಂದು ಚಮಚ ಕೇಳಿದಳು. ಕೊಡಲಿಲ್ಲ.

ನವೆಂಬರ್ 22

ಜ್ವರ. ಕುತ್ತಿಗೆಯ ಹತ್ತಿರ ಕೆಂಪು. ಸ್ಕ್ಯಾನ್.

ಜೋಡಿಸಿದ ಕಡೆ ಸೋರುತ್ತಿದೆ. ಇದರ ಅರ್ಥ ನನಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಅಕ್ಕ ನನ್ನ ಮುಖ ನೋಡಿ, ಹೊಲಿಗೆ ಬಿಟ್ಟಿದೆಯಾ ಅಂತ ಕೇಳಿದಳು. ಹೂಂ ಅಂದೆ. ಈ ಸಲ ನಗಲಿಲ್ಲ.

ನವೆಂಬರ್ 25

ಐಸಿಯು. ವೆಂಟಿಲೇಟರ್. ದಿನಕ್ಕೆ ಹತ್ತು ನಿಮಿಷ ಬಿಡುತ್ತಾರೆ. ಕೈ ಬೆಚ್ಚಗಿದೆ. ಸೂಜಿ ಚುಚ್ಚಿ ಚುಚ್ಚಿ ದಡ್ಡುಗಟ್ಟಿದ ಬೆರಳು, ಅದನ್ನೇ ಸವರುತ್ತಾ ನಿಂತೆ.

ನವೆಂಬರ್ 30

ಬೆಳಿಗ್ಗೆ ಹತ್ತೂವರೆ. ಹದಿನೇಳನೆಯ ದಿನ.

ಡಿಸೆಂಬರ್ 14, ಸೋಮವಾರ

ಕೆಲಸಕ್ಕೆ ಹೋದೆ. ಮನೆಯಲ್ಲಿ ಮೆಷಿನ್ ಸದ್ದಿಲ್ಲದೆ ಕೂರಲಾಗುವುದಿಲ್ಲ. ಅರ್ಧ ಹೊಲಿದ ಅಂಗಿಯೊಂದು ಸೂಜಿಯ ಕೆಳಗೆ ಹಾಗೇ ಇದೆ. ಯಾರದೋ ಗೊತ್ತಿಲ್ಲ. ಕೇಳಿಕೊಂಡು ಯಾರೂ ಬಂದಿಲ್ಲ.

ಕಟ್ಟಿನ ತಳದಲ್ಲಿ ಆ ಕವರ್. ಡಾಕ್ಟರಮ್ಮ ಸಿಸ್ಟರಿಗೆ ಕೊಡಿ ಅಂದರು. ಬೇಡ, ನಾನೇ ಏರಿಸುತ್ತೇನೆ ಅಂದೆ. ಟೀ ಎಪ್ಪತ್ತೊಂದು ಡಿಗ್ರಿ. ಸಿಗರೇಟು ಇಲ್ಲ. ಮದುವೆ ಇಲ್ಲ. ಎಲ್ಲ ನಿಜ ಹೇಳಿದ್ದಾಳೆ. ಆಮೇಲೆ —

27. ಸಿಕ್ಕಿಕೊಂಡಂತೆ ಆಗುತ್ತದೆಯೇ? ಹೌದು. ಯಾವಾಗಿನಿಂದ? ಜುಲೈ 14.
28. ಮೊದಲು ಯಾರಿಗೆ ಹೇಳಿದಿರಿ? ತಮ್ಮನಿಗೆ.
29. ಅವರು ಏನು ಹೇಳಿದರು? ಒಂದು ದಿನವೂ ತಡ ಮಾಡಲಿಲ್ಲ, ಕೂಡಲೇ ಆಸ್ಪತ್ರೆಗೆ ಕರೆದುಕೊಂಡು ಬಂದ.

ಜುಲೈಯಲ್ಲೇ. ನಾನು ಕಾರಿಡಾರಿನಲ್ಲಿ ನಿಂತಿದ್ದಾಗ. ನನ್ನ ಜೇಬಿನಲ್ಲಿ ಆ ಇನ್ನೊಂದು ಫಾರ್ಮ್ ಇದ್ದಾಗ.

ಸಿಸ್ಟರಿಗೆ ನೆನಪಿತ್ತು. ಇಷ್ಟು ಬೇಗ ಬಂದವರು ನಮ್ಮಲ್ಲಿ ಯಾರೂ ಇಲ್ಲ ಅಂತ ಅವರು ಅಂದರಂತೆ. ಅದಕ್ಕೆ ಅಕ್ಕ, "ನನ್ನ ತಮ್ಮನಂಥ ತಮ್ಮ ಇದ್ರೆ ಬರ್ತಾರಮ್ಮ" ಅಂದಳಂತೆ.

ಶೌಚಾಲಯಕ್ಕೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಡಿಸೆಂಬರ್ 16

ಎರಡು ದಿನ ಯೋಚಿಸಿದೆ. ಹಾಗೇ ಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ. ತಡವಾಗಲು ಕಾರಣ ಏನು ಎಂಬ ಡಾಕ್ಟರಮ್ಮನ ಪಟ್ಟಿಯಲ್ಲಿ ಅಕ್ಕನದು ತಡವೇ ಇಲ್ಲದ ಸಾಲು. ನಾನು ಒಳ್ಳೆಯ ತಮ್ಮ. ಅವಳು ಬಿಟ್ಟುಹೋದದ್ದು ಅದೊಂದೇ, ಅದನ್ನೂ ಕೆಡಿಸಬೇಕಾ?

ಹೊಲಿಗೆ ತಪ್ಪಿದರೆ ಬಿಚ್ಚಿ ಹೊಲಿಯಬೇಕು ಅಂದಿದ್ದಳು. ಡಾಕ್ಟರಮ್ಮನ ರೂಮಿಗೆ ಹೋಗಿ ಮಡಚಿದ ಫಾರ್ಮನ್ನು ಮೇಜಿನ ಮೇಲಿಟ್ಟು ಎಲ್ಲ ಹೇಳಿದೆ. ಓದಿದರು. ಆಮೇಲೆ, ತಿದ್ದಿ, ನಾನೂ ಸಹಿ ಹಾಕುತ್ತೇನೆ ಅಂದರು.

ನಮ್ಮಲ್ಲಿ ತಿದ್ದುವುದಕ್ಕೆ ಒಂದು ಕ್ರಮ ಇದೆ. ಮೊದಲು ಬರೆದದ್ದನ್ನು ಅಳಿಸಬಾರದು, ಬಿಳಿ ಬಳಿಯಬಾರದು. ಓದಲು ಬರುವ ಹಾಗೆ ಒಂದೇ ಗೆರೆ ಎಳೆದು, ಮೇಲೆ ಸರಿಯಾದದ್ದು ಬರೆಯಬೇಕು. ಆದ್ದರಿಂದ ಅಕ್ಕ ನನಗೋಸ್ಕರ ಹೇಳಿದ್ದು ಗೆರೆಯ ಕೆಳಗೆ ಇದ್ದೇ ಇರುತ್ತದೆ. ಅಷ್ಟು ಸಮಾಧಾನ.

27. ಗೆರೆ. ಜನವರಿ 11ಕ್ಕೂ ಮೊದಲಿನಿಂದ. ತಾರೀಖು, ಸಹಿ.

28. ತಮ್ಮನಿಗೆ. ಇದು ಸರಿ ಇದೆ. ಗೆರೆ ಬೇಡ.

29. ಗೆರೆ ಎಳೆದೆ. ಅವರು ಏನು ಹೇಳಿದರು? ಅವರು ನಕ್ಕರು.