ಕರಗಿದ ಹಿಡಿಕೆಯನ್ನು ಕತ್ತರಿಸಿ ಹಾಕಿದವರಿಗೆ

ಆನ್‌ಲೈನ್ ಅಂಗಡಿಯಲ್ಲಿ ಗ್ರಾಹಕರ ಅಭಿಪ್ರಾಯಗಳನ್ನು ತಿದ್ದುವ ವಿಭಾಗದ ಮುಖ್ಯಸ್ಥರಾದ ಮಾನ್ಯರೇ,

ನೀವು ತಿದ್ದಿ ಪ್ರಕಟಿಸಿದ ಮೂರು ವಾಕ್ಯಗಳನ್ನು ನಂಬಿ ಯಾರಾದರೂ ಸತ್ತಾರು ಎಂದು ನನಗೆ ಹೆದರಿಕೆಯಾಗಿದೆ. ಆ ವಾಕ್ಯಗಳ ಮೇಲೆ ನನ್ನ ಹೆಸರಿದೆ. ನಾನು ಓದಿದ್ದು ಐದನೇ ಇಯತ್ತೆ. ನಾಲ್ಕು ಜನರ ಮುಂದೆ ಬಾಯಿ ತೆರೆಯಲು ನಾಚುವವಳು. ನಿಮಗೆ ಎರಡು ಸಲ ಪತ್ರ ಬರೆದೆ. ಉತ್ತರ ಬಾರದ್ದಕ್ಕೆ ಪತ್ರಿಕೆಯವರ ಕಾಲು ಹಿಡಿದು ಇದನ್ನು ಅಚ್ಚು ಹಾಕಿಸುತ್ತಿದ್ದೇನೆ. ಇದರಿಂದ ನನಗೇನಾಗುತ್ತದೋ ಎಂಬ ಅಂಜಿಕೆಯೂ ಇದೆ.

ತಿಳವಳ್ಳಿಯಲ್ಲಿ ನಾನು ಬಟ್ಟೆ ಹೊಲಿಯುತ್ತೇನೆ. ಓಣಿಯ ಹೆಂಗಸರು ನನ್ನ ಫೋನಿನಿಂದಲೇ ಸಾಮಾನು ತರಿಸುತ್ತಾರೆ. ಸಾಮಾನು ಹೇಗಿದೆ ಎಂದು ಅವರು ಹೇಳಿದ್ದನ್ನು ನಾನೇ ಬರೆದು ಹಾಕುತ್ತೇನೆ. ಹಾಕುವ ಮೊದಲು ಅವರಿಗೆ ಓದಿ ಹೇಳುತ್ತೇನೆ. ಅವರು ಹೂಂ ಎಂದರಷ್ಟೇ ಮುಂದಿನ ಕೆಲಸ.

ಪಕ್ಕದ ಮನೆಯ ಸರೋಜವ್ವ ನಿಮ್ಮಲ್ಲಿ ನೀರು ಕಾಯಿಸುವ ಕಾಯಿಲ್ ತರಿಸಿದರು. ಕರೆಂಟ್ ಇರುವಾಗ ನೀರು ಮುಟ್ಟಬಾರದೆಂದು ಅವರಿಗೆ ಗೊತ್ತು. ಅವರು ಮುಟ್ಟಿದ್ದು ಪ್ಲಾಸ್ಟಿಕ್ ಹಿಡಿಕೆಯನ್ನು. ಎಂಟನೆಯ ದಿನ ಅದು ಒಳಗಿಂದೊಳಗೇ ಕರಗಿತ್ತು. ಅವರು ಬಚ್ಚಲ ಗೋಡೆಗೆ ಹೋಗಿ ಬಿದ್ದರು. ಅಭಿಪ್ರಾಯ ಬರೆಸಲು ಕುಳಿತಾಗ ಅರ್ಧ ಗಂಟೆ ಮಾತಾಡಿದರು. ಸೊಸೆಯ ತವರು, ಹಾನಗಲ್ಲಿನ ಡಾಕ್ಟರು, ತಪ್ಪಿದ ಬಸ್ಸು, ಎಲ್ಲವೂ ಬಂತು. ಅವನ್ನೆಲ್ಲ ಬಿಟ್ಟು ನಾನು ಇಷ್ಟು ಬರೆದೆ: “ಕಾಯಿಲ್ ಭಾಳ ಚಲೋ ಐತ್ರಿ. ನೀರು ಲಗೂನ ಕಾಯ್ತಾವ. ಕಳಿಸಿದವರಿಗೆ ಪುಣ್ಯ ಬರಲಿ. ಆದ್ರ ಎಂಟು ದಿನದಾಗ ಹಿಡಕಿ ಕರಗಿ ನನಗ ಕರೆಂಟ್ ಹೊಡದೈತಿ. ಬಲಗೈ ಇನ್ನೂ ಜೋಮ ಹಿಡದೈತಿ. ಯಾರೂ ತಗೋಬ್ಯಾಡ್ರಿ.”

ಹೊಗಳಿಕೆ ಯಾಕೆ ಎಂದು ನೀವು ಕೇಳಬಹುದು. ನಮ್ಮ ಕಡೆ ದೂರು ಹೇಳುವವರು ಮೊದಲು ಒಳ್ಳೆಯ ಮಾತಾಡುತ್ತಾರೆ. ಬೀಗರ ಮನೆಯ ಸಾರಿನಲ್ಲಿ ಉಪ್ಪು ಹೆಚ್ಚಾದರೆ ಮೊದಲು ಹೋಳಿಗೆಯನ್ನು ಹೊಗಳಿ ಆಮೇಲೆ ನೀರು ಕೇಳುವುದು ಇಲ್ಲಿಯ ರೀತಿ. ನಕ್ಷತ್ರದ ವಿಷಯದಲ್ಲೂ ಹಾಗೇ ಆಯಿತು. ಒಂದೇ ಕೊಡೋಣ ಎಂದೆ. ಸರೋಜವ್ವ ಒಪ್ಪಲಿಲ್ಲ.

“ಐದೂ ಚಿಕ್ಕಿ ಕೊಡವಾ. ಕಡಿಮಿ ಕೊಟ್ರ ಸಾಹೇಬ್ರು ಸಿಟ್ಟಾಗಿ ಮುಂದಿಂದು ಓದಂಗಿಲ್ಲ,” ಎಂದರು.

ಹಿರಿಯರ ಮಾತು ಮೀರಲಾರದೆ ಐದೂ ಒತ್ತಿದೆ. ಅದು ನನ್ನ ತಪ್ಪು. ಒಪ್ಪಿಕೊಳ್ಳುತ್ತೇನೆ.

ನಿಮ್ಮ ತಪ್ಪನ್ನು ನೀವು ಒಪ್ಪುತ್ತೀರಾ? ನಿಮ್ಮ ವಿಭಾಗ ಪ್ರಕಟಿಸಿದ್ದು ಇಷ್ಟು: “ಕಾಯಿಲ್ ತುಂಬಾ ಚೆನ್ನಾಗಿದೆ. ನೀರು ಬೇಗ ಕಾಯುತ್ತದೆ. ಕಳಿಸಿದವರಿಗೆ ಧನ್ಯವಾದ.” ಅದರ ಹಿಂದೆಯೇ ನನಗೊಂದು ಸಂದೇಶ: ಭಾಷೆ ಉತ್ತಮ, ಸಂಕ್ಷಿಪ್ತತೆ ಉತ್ತಮ, ನೀವಿನ್ನು ವಿಶ್ವಾಸಾರ್ಹ ವಿಮರ್ಶಕರು. ಗಾಬರಿಯಾಗಿ ಕರೆಂಟ್ ಹೊಡೆದದ್ದನ್ನು ಮತ್ತೆ ಬರೆದು ಕಳಿಸಿದೆ. ಅದು ತಿರಸ್ಕಾರವಾಯಿತು: ಭಾಷೆ ಕಳಪೆ, ಪುನರುಕ್ತಿ. ಎಂಥ ನ್ಯಾಯವಂತರು ನೀವು! ನನ್ನ ಬಾಳಿನಲ್ಲಿ ಒಮ್ಮೆ ಮಾತ್ರ ಉತ್ತಮ ಎನಿಸಿಕೊಂಡೆ. ಅದೂ ನಾನು ಬರೆಯದ ಮಾತಿಗೆ.

ತಿದ್ದಲೇಬಾರದು ಎಂದು ನಾನು ಹೇಳುವುದಿಲ್ಲ. ಸೊಸೆಯ ತವರನ್ನು ನಾನೂ ಬಿಟ್ಟಿದ್ದೇನೆ. ಮಾರುವವರಿಗೆ ಅನ್ಯಾಯವಾಗದಿರಲೆಂದು ನೀರು ಲಗೂನ ಕಾಯುವುದನ್ನು ಉಳಿಸಿದ್ದೇನೆ, ಅದು ನಿಜವೇ. ಆದರೆ ತಿದ್ದಿದ್ದು ಒಳ್ಳೆಯದೋ ಕೆಟ್ಟದ್ದೋ ಎಂದು ನೀವು ಯಾವುದರಿಂದ ಅಳೆಯುತ್ತೀರಿ? ನುಣುಪಿನಿಂದಲೇ? ಮಾತು ಆಡಿದವರಿಗೆ ಅದನ್ನು ಒಮ್ಮೆಯಾದರೂ ಓದಿ ಹೇಳುತ್ತೀರಾ? ಇದು ನಿನ್ನ ಮಾತೇ ಹೌದಾ ಎಂದು ಕೇಳುತ್ತೀರಾ? ಐದನೇ ಇಯತ್ತೆಯವಳಿಗೆ ಹೊಳೆದದ್ದು ಅಷ್ಟು ದೊಡ್ಡ ಕಚೇರಿಯಲ್ಲಿ ಒಬ್ಬರಿಗೂ ಹೊಳೆಯಲಿಲ್ಲವೇ?

ಹೋದ ಶುಕ್ರವಾರ ಹುಲಗೂರಿನ ತಹಮೀನಾ ಫೋನ್ ಮಾಡಿದಳು. ಹಾನಗಲ್ಲಿನಲ್ಲಿ ನನ್ನ ಜೊತೆ ಹೊಲಿಗೆ ಕಲಿತವಳು. ಅವಳಿಗೆ ಒಂದೂವರೆ ತಿಂಗಳ ಕೂಸಿದೆ. ನನ್ನ ಹೆಸರು ನೋಡಿಯೇ ಆ ಕಾಯಿಲ್ ತರಿಸಿದ್ದಾಗಿ ಖುಷಿಯಿಂದ ಹೇಳಿದಳು. ಐದು ದಿನದಿಂದ ಕೂಸಿಗೆ ಎರೆಯಲು ಅದರಲ್ಲೇ ನೀರು ಕಾಯಿಸುತ್ತಿದ್ದಳಂತೆ. ಈಗಲೇ ಕಿತ್ತು ಹೊರಗಿಡು ಎಂದು ಕೂಗಿದೆ, ಹಿಡಿಕೆಯ ವಿಷಯ ಹೇಳಿದೆ.

“ಮತ್ತ ನೀ ಚಲೋ ಐತಿ ಅಂತ ಯಾಕ ಬರದಿ ಶೈಲಾ?” ಎಂದಳು. “ನೀ ಸುಳ್ಳು ಬರಿಯಾಕಿ ಅಲ್ಲ ಅಂತ ನಮ್ಮತ್ತಿಗೆ ಹೇಳಿ ತರಿಸೇನಿ.”

ನಾನು ಬರೆದದ್ದು ಬೇರೆ ಎಂದೆ. ನಂಬಿದಳೋ ಇಲ್ಲವೋ ತಿಳಿಯದು. ಆಮೇಲೆ ಫೋನ್ ಮಾಡಿಲ್ಲ. ಸರೋಜವ್ವನಿಗೆ ಇದನ್ನು ಇನ್ನೂ ಹೇಳಿಲ್ಲ, ಧೈರ್ಯವಿಲ್ಲ.

ನನ್ನ ಬೇಡಿಕೆ ಇದು. ಆ ಮೂರು ವಾಕ್ಯ ತೆಗೆಯಿರಿ. ಸರೋಜವ್ವ ಹೂಂ ಎಂದ ಆರೂ ವಾಕ್ಯ ಹಾಕಿರಿ. ನನಗೆ ಕೊಟ್ಟ ಬಿರುದನ್ನು ಹಿಂದಕ್ಕೆ ತೆಗೆದುಕೊಳ್ಳಿರಿ. ಇನ್ನೊಂದು ಕೆಲಸ ನನ್ನಿಂದ ಆಗುವಂಥದ್ದಲ್ಲ. ಆ ಅಭಿಪ್ರಾಯ ಉಪಯುಕ್ತವಾಯಿತು ಎಂದು ಅರವತ್ತೆರಡು ಜನ ಒತ್ತಿದ್ದಾರೆ. ತಹಮೀನಾ ಒಬ್ಬಳು ಸಿಕ್ಕಳು. ಉಳಿದವರು ಯಾವ ಊರಿನವರೋ ನನಗೆ ಗೊತ್ತಿಲ್ಲ. ಕೊಂಡವರೆಲ್ಲರ ವಿಳಾಸ, ಫೋನ್ ನಂಬರು ನಿಮ್ಮಲ್ಲಿವೆ. ಅವರಿಗೆ ತಿಳಿಸಿರಿ, ಇವತ್ತೇ. ಚಳಿ ಬಿದ್ದಿದೆ, ನಾಳೆ ನಸುಕಿಗೆ ಎಲ್ಲರೂ ಆ ಕಾಯಿಲ್ ನೀರಿಗಿಡುತ್ತಾರೆ.

ಇಂತಿ,
ತನ್ನ ಹೆಸರು ನೋಡಲು ತಾನೇ ಅಂಜುವ
ಶೈಲಾ, ತಿಳವಳ್ಳಿ