ಕಾಣದವಳಿಗೊಂದು ಹೆಸರು

ತಳಕಲ್, ಯಲಬುರ್ಗಾ ತಾಲೂಕು
೧೪ ಆಗಸ್ಟ್ ೧೯೪೧, ಗುರುವಾರ

ಪ್ರಿಯ ಕಳಕಮ್ಮ,

ನಿನ್ನ ಎರಡೂ ಪತ್ರ ಮುಟ್ಟಿವೆ. ಒಂದು ಜೂನಿನಲ್ಲಿ ಬಂತು, ಇನ್ನೊಂದು ಪಂಚಮಿಯ ಹಿಂದಿನ ದಿನ. ಎರಡನೆಯದರಲ್ಲಿ ನೀನು ಸಿಟ್ಟಾಗಿದ್ದೀ. ಇಲ್ಲಿಯ ನಿಜಾಮರ ಅಂಚೆ ಟಿಕೀಟು ನಿಮ್ಮ ಧಾರವಾಡಕ್ಕೆ ನಡೆಯುವುದಿಲ್ಲ, ಅದಕ್ಕೇ ತಡವಾಯಿತು ಎಂದು ಬರೆಯಬಹುದಿತ್ತು. ಆದರೆ ರೈಲು ಸ್ಟೇಶನ್ನು ನಮ್ಮೂರಲ್ಲೇ ಇದೆ, ಗದಗಿಗೆ ಹೋಗುವವರು ದಿನಾ ಇರುತ್ತಾರೆ, ಕೈಲಿ ಕೊಟ್ಟರೆ ಅಲ್ಲಿ ಅಂಚೆಗೆ ಹಾಕುತ್ತಾರೆ. ತಡ ಮಾಡಿದವಳು ನಾನೇ. ತಪ್ಪಾಯಿತು.

ನೀನು ಎರಡು ಸಂಗತಿ ಕೇಳಿದ್ದೀ. ನಿನ್ನ ಸಾಲೆಯ ಹುಡುಗಿಯರಿಗೆ ಪರದೆಯ ಮೇಲೆ ಚಿತ್ರ ತೋರಿಸುವಾಗ ಹೇಳಲಿಕ್ಕೆ, ಅಳಿದುಹೋದ ಆ ದೊಡ್ಡ ಹಾವಿನ ಹೆಸರಿಗೂ ಅದರ ಬಳಗದ ಹೆಸರುಗಳಿಗೂ ಕನ್ನಡದಲ್ಲಿ ಅರ್ಥ ಬೇಕು. ಇನ್ನೊಂದು, ನನ್ನ ಅವಳಿ ಮಕ್ಕಳಿಗೆ ಏನೇನು ಹೆಸರಿಟ್ಟೆವು ಎಂದು.

ನಮ್ಮವರು ನಿನಗೆ ಕಾರ್ಡು ಹಾಕಿದ್ದು ಮಕ್ಕಳು ಹುಟ್ಟಿದ ಮರುದಿನ. ಹೆಣ್ಣು ಮೊದಲು ಬಂತು, ಅರ್ಧ ತಾಸಿನ ಮೇಲೆ ಗಂಡು. ಹೆಣ್ಣು ಒಂಬತ್ತನೆಯ ದಿನ ಹೋಯಿತು. ಇಲ್ಲಿ ಹೆಸರಿಡುವುದು ಹದಿಮೂರನೆಯ ದಿನ. ಹಾಗಾಗಿ ಅದಕ್ಕೆ ಹೆಸರಿಲ್ಲ. ಈ ಸಾಲು ಬರೆಯುವುದು ಕಷ್ಟವಾದೀತು ಎಂದು ಮೂರು ತಿಂಗಳು ಕಾಗದ ಮುಟ್ಟಲಿಲ್ಲ. ಬರೆದೆ ನೋಡು, ಏನೂ ಆಗಲಿಲ್ಲ.

ನನ್ನ ತಾಯಿ ಇಲ್ಲವಲ್ಲ, ಬಾಣಂತನ ಇಲ್ಲಿಯೇ, ಅತ್ತೆಯ ಕೈಯಲ್ಲಿ. ಶೇಖರಮ್ಮ ಒರಟು ಮಾತಿನವರು, ಆದರೆ ಕೈ ಮೆತ್ತಗಿದೆ. ಎಣ್ಣೆ, ಬಿಸಿನೀರು, ಕೊಬ್ಬರಿ ಖಾರ ಯಾವುದಕ್ಕೂ ಕಡಿಮೆ ಮಾಡಿಲ್ಲ. ಗಂಡುಕೂಸು ಚೆನ್ನಾಗಿದೆ, ಗಲ್ಲ ತುಂಬಿಕೊಂಡಿದೆ. ನಿದ್ದೆ ಮಾತ್ರ ನನಗಿಲ್ಲ. ಅವನು ಮಲಗಿದರೆ ಮೂಗಿನ ಕೆಳಗೆ ಬೆರಳು ಹಿಡಿದು ಕೂರುತ್ತೇನೆ. ಬೆರಳಿಗೆ ಗಾಳಿ ತಾಗಿದರೂ ನಂಬಿಕೆ ಬರುವುದಿಲ್ಲ, ಗಲ್ಲ ಚಿವುಟಿ ಎಬ್ಬಿಸುತ್ತೇನೆ. ಅವನು ಅಳುತ್ತಾನೆ. ಅತ್ತೆ ಬಂದು, ಕಾಲೇಜಿನ್ಯಾಗ ಇದನ್ನೂ ಕಲಿಸ್ಯಾರೇನವಾ, ಮಲಗಿದ ಕೂಸಿನ್ನ ಅಳಸೂದು, ಎಂದು ಎತ್ತಿಕೊಂಡು ಹೋಗುತ್ತಾರೆ. ಆಮೇಲೆ ನಾನು ಬರಿಗೈಯಲ್ಲಿ ಕೂತಿರುತ್ತೇನೆ. ಸಂಕಟ ಅಂತ ಅಲ್ಲ. ಚಾಪೆ ಹ್ಯಾಗೆ ಹಾಸಿರುತ್ತದೆಯೋ ಹಾಗೆ ಇರುತ್ತೇನೆ.

ಹೋದ ಕೂಸಿಗೆ ಒಂದು ಹೆಸರಿಡಬೇಕು ಎಂಬುದೊಂದೇ ತಲೆಯಲ್ಲಿತ್ತು. ಒಂದು ಸಲ ಬಾಯಿಬಿಟ್ಟು ಅತ್ತೆಗೆ ಕೇಳಿದೆ. ಅವರು ಜೋಳ ಹಸನು ಮಾಡುತ್ತಿದ್ದರು, ಮೊರ ಕೆಳಗಿಟ್ಟರು.

“ಹೆಸರಿಡದ ಕೂಸು ಬಂದ ಹಾದೀಲೆ ಹೊಳ್ಳಿ ಹೋಗತೈತಿ, ಪಂಪಾ. ನೀ ಕರದರ ಅದು ನಿಂತು ತಿರುಗಿ ನೋಡತೈತಿ. ಹಂಗ ನಿಂದರಸಬ್ಯಾಡ ಅದನ್ನ.”

ಆಮೇಲೆ ನಾನು ಆ ಮಾತು ಎತ್ತಲಿಲ್ಲ. ಇದ್ದ ಕೂಸಿನ ನಾಮಕರಣವನ್ನೂ ಇವತ್ತು ಬೇಡ, ನಾಳೆ ಬೇಡ ಎಂದು ಮುಂದೂಡಿದೆ. ಅವನೊಬ್ಬನಿಗೇ ಹೆಸರು ಬಿದ್ದರೆ ಅವಳು ಹುಟ್ಟಿದ್ದೇ ಸುಳ್ಳಾಗುತ್ತದೆ ಅನ್ನಿಸುತ್ತಿತ್ತು. ನಮ್ಮವರು ಹತ್ತಿ ವ್ಯಾಪಾರಕ್ಕೆಂದು ಕೊಪ್ಪಳದಲ್ಲೇ ಇರುತ್ತಾರೆ. ನೀ ಅಂದಾಗ ಮಾಡೋಣು ಎನ್ನುತ್ತಾರೆ, ಹೋಗುತ್ತಾರೆ.

ಈ ನಡುವೆ ನಿನ್ನ ಯಾದಿ ಹಿಡಿದು ಕೂತೆ. ಬೇರೆ ಕೆಲಸಕ್ಕೆ ಬುದ್ಧಿ ಓಡಲಿಲ್ಲ, ಇದಕ್ಕೆ ಓಡಿತು. ಜೈಗಾಂಟೋಫಿಸ್ ಅಂದರೆ ಸೀದಾ ದೈತ್ಯಸರ್ಪ, ಗ್ರೀಕರ ಮಾತು. ಹುಡುಗಿಯರಿಗೆ ‘ರಾಕ್ಷಸ ಹಾವು’ ಅನ್ನು, ನೆನಪಿಡುತ್ತಾರೆ. ಪೇಲಿಯೋಫಿಸ್ ಎಂದರೆ ಹಳೆಯ ಹಾವು. ‘ಮುದಿಹಾವು’ ಅಂದರೆ ನಕ್ಕಾರು, ‘ಪುರಾತನ ಸರ್ಪ’ವೇ ಇರಲಿ. ಈಗಿನ ಹೆಬ್ಬಾವನ್ನು ಪೈಥಾನ್ ಅನ್ನುತ್ತಾರಲ್ಲ, ಅದರ ಮೂಲಕ್ಕೆ ಕೊಳೆಯುವುದು ಎಂಬ ಅರ್ಥವಂತೆ. ಅವರ ದೇವರೊಬ್ಬ ಕೊಂದ ಹಾವು ಬಿದ್ದಲ್ಲೇ ಕೊಳೆಯಿತು ಎಂದು ಕಥೆ. ಇದನ್ನು ಸಣ್ಣವರಿಗೆ ಹೇಳಬೇಡ. ದೈತ್ಯಸರ್ಪದ ಎರಡನೆಯ ಹೆಸರು ಗಾರ್ಸ್ಟಿನಿ. ಅದು ಹಾವಿನ ಗುಣವಲ್ಲ, ಈಜಿಪ್ಟಿನಲ್ಲಿ ಕಾಮಗಾರಿ ಖಾತೆಯಲ್ಲಿದ್ದ ದೊಡ್ಡ ಅಧಿಕಾರಿಯ ಹೆಸರು. ಸಿಕ್ಕಿದ್ದು ಬೆನ್ನೆಲುಬಿನ ಕೆಲವು ತುಂಡು, ಅವೂ ಕಲ್ಲಾದವು. ಅಷ್ಟಕ್ಕೇ ಎರಡು ಹೆಸರು.

ಮಾವ ಕರಿಬಸಪ್ಪನವರು ಕಟ್ಟೆಯ ಮೇಲೆ ಕೂತು ಏನು ಬರೀತಿ ಎಂದು ಕೇಳಿದರು. ಹೇಳಿದೆ. ತಲೆಬಾಗಿಲಲ್ಲಿ ತಲೆ ಇಟ್ಟರೆ ಬಾಲ ದನದ ಕೊಟ್ಟಿಗೆ ದಾಟಿ ಹಿತ್ತಲ ಬೇವಿನ ಗಿಡಕ್ಕೆ ಮುಟ್ಟೀತು, ಅಷ್ಟುದ್ದ ಎಂದೆ. ಅವರಿಗೆ ಖುಷಿಯಾಯಿತು. ಯಾರಾದರೂ ಕಂಡಿದ್ದಾರೆಯೇ ಎಂದರು. ಇಲ್ಲ, ಮನುಷ್ಯ ಹುಟ್ಟುವುದಕ್ಕೆ ಕೋಟಿಗಟ್ಟಲೆ ವರ್ಷ ಮೊದಲೇ ಅದು ತೀರಿತ್ತು ಎಂದೆ.

“ಸತ್ತು ಕಲ್ಲಾದದ್ದಕ್ಕ ಹೆಸರ್ಯಾಕ ಬೇಕಾಗಿತ್ತೋ,” ಎಂದರು. “ಕರದರ ಬರತೈತೇನು?”

ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಅವರಿಗೆ ಹಾವಿನದೇ ವಿಚಾರ. ಅವರೇ ಮುಂದುವರಿಸಿ, ನಮ್ಮಲ್ಲೂ ಅನಂತ, ವಾಸುಕಿ, ತಕ್ಷಕ ಎಷ್ಟೊಂದು ಇವೆ, ಅರ್ಥವೇನು ಎಂದು ಕೇಳಿದರು. ಅನಂತ ಅಂದರೆ ಕೊನೆಯಿಲ್ಲದ್ದು, ತಕ್ಷಕ ಅಂದರೆ ಕೆತ್ತುವವನು ಎಂದೆ. ಶೇಷ ಎಂದರೆ ಉಳಿದದ್ದು ಎಂದು ಹೇಳಿ ಬಾಯಿ ಮುಚ್ಚಿದೆ. ಅಷ್ಟರಲ್ಲಿ ಅವರಿಗೆ ಹೊಳೆದುಬಿಟ್ಟಿತ್ತು. ಮೊಮ್ಮಗನಿಗೆ ಶೇಷಪ್ಪ ಅಂತಲೇ ಇಡೋಣ, ನಮಗೆ ಉಳಿದಾಂವ ಅವನೇ ಅಲ್ಲವೇ ಎಂದರು. ಒಳಗಿನಿಂದ ಅತ್ತೆ, ಛಲೋ ಆತು, ಶ್ರಾವಣದ ಸೋಮವಾರನ ಇಡೋಣು ಎಂದರು. ನಾನು ಮೊದಲ ಸಲ ಈ ಮನೆಯಲ್ಲಿ ದನಿ ಎತ್ತಿದೆ. ಬೇಕಾದ ದಿನ ಇಡಿರಿ, ಆ ಹೆಸರು ಬೇಡ. ಅವನನ್ನು ಕರೆದಾಗಲೆಲ್ಲ ಇನ್ನೊಂದು ಹೋಯಿತು ಅಂತ ಸಾರಿದಂತೆ ಆಗುತ್ತದೆ, ಎಂದೆ. ಮಾವ ತಲೆ ತಗ್ಗಿಸಿದರು. ಅವರ ತಂದೆಯ ಹೆಸರು ಹಂಪಣ್ಣ, ಅದೇ ಆಗಲಿ ಎಂದು ನಿಶ್ಚಯವಾಯಿತು.

ಮೊನ್ನೆ ಸೋಮವಾರ ತೊಟ್ಟಿಲು ಕಟ್ಟಿದರು. ಸೂಲಗಿತ್ತಿ ಬಾನುಬೀ ಬಂದಿದ್ದಳು, ಮಗ್ಗುಲ ಮನೆಯ ಶಂಕ್ರಮ್ಮ ಬಂದಿದ್ದಳು, ಓಣಿಯ ಹೆಂಗಸರೆಲ್ಲ ಸೇರಿದ್ದರು. ನಿನ್ನ ಹುಟ್ಟೂರು ಗಜೇಂದ್ರಗಡದ ಕಡೆಯೂ ಈ ಪದ್ಧತಿ ಇದ್ದೀತು: ಕೂಸನ್ನು ಹಾಕುವ ಮೊದಲು ಅರೆಯುವ ಗುಂಡುಕಲ್ಲನ್ನು ತೊಳೆದು, ಕೂಸಿನ ಟೊಪ್ಪಿಗೆ ಕುಲಾಯಿ ಹಾಕಿ, ಅರಿವೆಯಲ್ಲಿ ಸುತ್ತಿ, ತೊಟ್ಟಿಲ ಕೆಳಗಿನಿಂದ ಒಬ್ಬರಿಗೊಬ್ಬರು ದಾಟಿಸುತ್ತಾರೆ. ಹೆಸರೇನು ಎಂದರೆ ಗುಂಡಪ್ಪ ಎನ್ನಬೇಕು, ಎಲ್ಲರೂ ನಗಬೇಕು. ಕಲ್ಲಿನಂತೆ ಗಟ್ಟಿಯಾಗಿ ಬಾಳಲಿ ಎಂದು. ಕೊಡುವ ಕೆಲಸ ನನ್ನದು. ಕಲ್ಲು ತಣ್ಣಗಿತ್ತು. ತೂಕ ಕೈಗೆ ಬಂತು. ಹೋದ ಕೂಸು ಅಷ್ಟು ಭಾರವೂ ಇರಲಿಲ್ಲ.

ಆಚೆ ಬದಿಯಿಂದ ಶಂಕ್ರಮ್ಮ, ಯಾರವಾ ಇವ್ರು, ಯಾವೂರವ್ರು, ಹೆಸರೇನು ಎಂದು ಹಾಡಿನ ಧಾಟಿಯಲ್ಲಿ ಕೇಳಿದಳು.

ನಾನು, “ಕಳಕಮ್ಮ,” ಎಂದೆ.

ಯೋಚಿಸಿ ಅಂದದ್ದಲ್ಲ. ನಿನ್ನನ್ನು ಕೇಳದೆ ನಿನ್ನ ಹೆಸರು ತೆಗೆದುಕೊಂಡೆ, ಅದನ್ನು ಹೇಳಿಕೊಳ್ಳಲಿಕ್ಕೇ ಈ ಪತ್ರ. ಬದುಕಿರುವವಳ ಹೆಸರನ್ನು ಹೋದವಳಿಗೆ ಹಾಗೆ ಇಡಬಾರದಿತ್ತು. ಆ ಅಧಿಕಾರಿಯೂ ಹಾವನ್ನು ನೋಡಿರಲಿಲ್ಲ, ನೀನೂ ಅವಳನ್ನು ನೋಡಲಿಲ್ಲ. ಬೇಡವೆಂದರೆ ಬರೆ, ವಾಪಸು ತೆಗೆದುಕೊಳ್ಳುವ ದಾರಿ ನನಗೆ ಗೊತ್ತಿಲ್ಲ, ಆದರೂ ಬರೆ.

ಶಂಕ್ರಮ್ಮ ನಕ್ಕು, ನಮ್ಮ ಗುಂಡಪ್ಪ ಯಾವಾಗ ಸೀರಿ ಉಟ್ಟನವಾ ಎಂದಳು. ಒಂದಿಬ್ಬರು ನಕ್ಕರು. ಬಾನುಬೀ ನಗಲಿಲ್ಲ, ಎರಡನ್ನೂ ಹಿಡಿದ ಕೈ ಅವಳದು. ಅತ್ತೆ ಶಂಕ್ರಮ್ಮನನ್ನು ಸರಿಸಿ ತಾವೇ ಬಗ್ಗಿ ಕೈ ಚಾಚಿದರು.

“ಕೊಡು ಇಲ್ಲಿ, ಕಳಕಮ್ಮನ್ನ,” ಎಂದರು.

ಕಲ್ಲನ್ನು ತೆಗೆದುಕೊಳ್ಳುವಾಗ ಒಂದು ಕೈಯನ್ನು ಕುಲಾಯಿಯ ಕೆಳಗೆ, ಕುತ್ತಿಗೆ ಇರಬೇಕಾದಲ್ಲಿ, ಆನಿಸಿದರು. ತೊಟ್ಟಿಲಲ್ಲಿ ಇಟ್ಟು ಒಂದು ಸಲ ತೂಗಿದರು. ಆಮೇಲೆ ತೆಗೆದರು. ಹಂಪಣ್ಣನನ್ನು ಹಾಕಿದರು. ಹಾಡು ಹೇಳಿದರು, ಎಲ್ಲರಿಗೂ ಗುಗ್ಗರಿ ಹಂಚಿದರು. ಮರುದಿನ ಅದೇ ಕಲ್ಲಿನಿಂದ ಕೆಂಪುಖಾರ ಅರೆದರು. ನಾನು ರೊಟ್ಟಿಗೆ ಹಚ್ಚಿಕೊಂಡು ಉಂಡೆ. ಅಳು ಬರಲಿಲ್ಲ.

ಹಾವುಗಳ ಯಾದಿ ಬೇರೆ ಹಾಳೆಯಲ್ಲಿದೆ. ನಿನ್ನ ಕಣ್ಣಿನ ಬೇನೆ ಗುಣವಾಯಿತೇ? ಓದುವಾಗ ದೀಪ ಹತ್ತಿರ ಇಟ್ಟುಕೋ. ನೀನೂ ನಿನ್ನ ಹುಡುಗಿಯರೂ ಸುಖವಾಗಿರಿ, ಕಲಿತದ್ದು ನಿಮಗೆ ಬೆಳಕಾಗಲಿ. ಹಂಪಣ್ಣನಿಗೆ ಅಲ್ಲಿಂದಲೇ ಒಂದು ಹರಕೆ ಕಳಿಸು.

ನಿನ್ನ
ಪಂಪಾವತಿ

ತಾ.ಕ.: ಹೆಣ್ಣುಕೂಸು ಏನಾಗಿ ಹೋಯಿತು ಎಂದು ನೀನು ಕೇಳಿಯೇ ಕೇಳುತ್ತೀ. ಹುಟ್ಟಿನಲ್ಲೇ ಸೊರಗಿತ್ತು ಎಂದು ಎಲ್ಲರಿಗೂ ಹೇಳಿದ್ದೇವೆ, ಅದು ಸುಳ್ಳೇನೂ ಅಲ್ಲ. ಆದರೆ ಆ ಒಂಬತ್ತು ದಿನ ನನಗೆ ಹಾಲು ಇಬ್ಬರಿಗಾಗುವಷ್ಟು ಇರಲಿಲ್ಲ. ಆಡಿನ ಹಾಲು ಕಾಸಿ ಹನಿಸುತ್ತಿದ್ದರು, ಅವಳು ಉಗುಳುತ್ತಿದ್ದಳು. ನಾನು ಮೊದಲು ಅವನಿಗೆ ಕೊಡುತ್ತಿದ್ದೆ. ಅವನು ಬಿಟ್ಟ ಮೇಲೆ ಅವಳಿಗೆ. ಹಾಗೆ ಮಾಡೆಂದು ಅತ್ತೆ ಹೇಳಲಿಲ್ಲ ಕಳಕಮ್ಮ, ಬಾನುಬೀ ಹೇಳಲಿಲ್ಲ. ಯಾರೂ ಹೇಳಲಿಲ್ಲ.