ಬರ್ತೀನಿ ಅಂದವರು

ಸೋಮವಾರ, ಮಾರ್ಚ್ 4. ಬೆಳಿಗ್ಗೆ

ಇದುವರೆಗೆ ಆದ ಖರ್ಚು: ಅಂಗಡಿಗೆ ಬೀಗ. ಅರ್ಧ ಬೆಲೆಗೆ ಕೈಬಿಟ್ಟ ತೇಗದ ಕಪಾಟು. ವಿಮಾನದಲ್ಲಿ ಹಿಡಿದುಕೊಂಡ ಕುತ್ತಿಗೆ. ಮೆಣಸಿಯ ಮಾತು. ತಂಗಿಯ ಮಗಳು, ಸಾಕಿದವಳು ನಾನು. ಬಾಯಿ ಖಾರ, ಅದಕ್ಕೇ ಆ ಹೆಸರು. ಹೊರಡುವ ಮುಂಚೆ ವಾರವಿಡೀ ತುಟಿ ಬಿಚ್ಚಲಿಲ್ಲ.

ಹಾಸ್ಟೆಲ್ ಮಂಚ ಹೊರಳಿದರೆ ಕಿರುಗುಟ್ಟುತ್ತದೆ. ನನ್ನ ಅಂಗಡಿಗೆ ಬಂದಿದ್ದರೆ ಗಾಡಿಯಿಂದ ಇಳಿಸಲೂ ಬಿಡುತ್ತಿರಲಿಲ್ಲ. ಪಕ್ಕದ ಮಂಚದಲ್ಲಿ ರಿಟೈರ್ಡ್ ಬ್ಯಾಂಕ್ ಮೇಡಂ.

“ಹಳೇ ಫರ್ನಿಚರ್ ಮಾರೋರಿಗೆ ಐವತ್ತರ ಮೇಲೆ ಡಿಗ್ರಿ ಯಾಕ್ರೀ?”

“ನಿಮ್ಮಷ್ಟು ಜೋರಾಗಿ ಗೊರಕೆ ಹೊಡೆಯೋಕೆ ಓದಿರಬೇಕೇನೋ ಅಂತ.”

ಮುಗಿಯಿತು ಸ್ನೇಹ.

ನಮ್ಮೂರ ಸಂಜೆ ಕಾಲೇಜಿನ ವಲಸೆ ಅಧ್ಯಯನ ಪ್ರವಾಸ ಇದು, ವಯಸ್ಕರಿಗೆ, ಹತ್ತು ದಿನ, ಪರದೇಶದಲ್ಲಿ. ಮೇಷ್ಟ್ರು ಬೋರ್ಡಿನ ಮೇಲೆ ಬಾಣ ಎಳೆಯುತ್ತಾರೆ. ಜನ ಹೀಗೆ ಹೋಗುತ್ತಾರಂತೆ, ನೆಟ್ಟಗೆ. ಊರು ಬಿಡುವವರ ಮನೆ ಸಾಮಾನು ಕೊಳ್ಳುವುದೇ ನನ್ನ ಕಸುಬು. ನೆಟ್ಟಗೆ ಹೋದವರನ್ನು ಕಂಡಿಲ್ಲ. ಎಲ್ಲ ಮಾರಿ, ಗಾಡಿ ಹೊರಡುವಾಗ ಒಂದು ಮುರುಕು ಸ್ಟೂಲನ್ನು ‘ಇದು ಕೊಡಲ್ಲ’ ಅಂತ ಕಿತ್ತುಕೊಂಡು ನಿಲ್ಲುತ್ತಾರೆ.

ಬುಧವಾರ, ಮಾರ್ಚ್ 6

ತಂಗಿ ಬಂದಳು. ಹನ್ನೊಂದು ವರ್ಷದ ಮೇಲೆ. ಇಲ್ಲಿನ ಆಸ್ಪತ್ರೆಯ ಲಾಂಡ್ರಿಯಲ್ಲಿ ಬೆಡ್‌ಶೀಟ್ ಒಗೆಯುತ್ತಾಳೆ. ಅಂಗೈ ಬೆಂದ ಹಾಗಿದೆ. ಅಯ್ಯೋ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ.

“ಶುಕ್ರವಾರ ವಲಸೆ ಆಫೀಸಿಗೆ ಬರ್ತೀಯಲ್ಲ ಅಕ್ಕಾ? ನೀನು ಒಪ್ಪಿಗೆ ಅಂದ್ರೆ ಮಗಳನ್ನ ಕರೆಸ್ಕೋಬಹುದು.”

“ಮಗಳಂತೆ ಮಗಳು. ಐದು ವರ್ಷದವಳನ್ನ ನನ್ನ ಕೊರಳಿಗೆ ಕಟ್ಟಿ ‘ಬರ್ತೀನಿ’ ಅಂತ ಹೋದೆ. ಬಂದ್ಯಾ?”

“ಬಾಗಿಲಲ್ಲಿ ನಿಂತು ಇನ್ನೇನು ಅನ್ನಲಿ? ‘ಹೋಗ್ತೀನಿ’ ಅಂತ ಯಾರಾದ್ರೂ ಅಂತಾರಾ?”

“ನೀನು ಅನ್ನಬೇಕಿತ್ತು.”

ಟೀ ತಣ್ಣಗಾಯಿತು. ಇಬ್ಬರೂ ಕುಡಿಯಲಿಲ್ಲ.

ನಾನು ಬಂದದ್ದು ಒಪ್ಪಿಗೆ ಕೊಡಲಿಕ್ಕಲ್ಲ. ಅವಳ ಮುಖ ನೋಡಿಕೊಂಡೇ ‘ಇಲ್ಲ’ ಅನ್ನಲಿಕ್ಕೆ. ಕಾಲೇಜಿನ ಪ್ರವಾಸ ಒಂದು ನೆಪ.

ಶುಕ್ರವಾರ, ಮಾರ್ಚ್ 8. ಮಧ್ಯಾಹ್ನ

ವಲಸೆ ಆಫೀಸಿಗೆ ಮೇಷ್ಟ್ರೂ ಬೆನ್ನು ಹತ್ತಿದರು — ‘ಫೀಲ್ಡ್ ವರ್ಕ್’! ಮೇಜಿನಾಚೆ ಅಧಿಕಾರಿ. ಈಚೆ ಸರ್ಕಾರ ಗೊತ್ತುಮಾಡಿದ ದುಭಾಷಿ, ಪುಸ್ತಕದಿಂದ ಕನ್ನಡ ಕಲಿತ ಪರದೇಶಿ. “ತಾವು ಆಸೀನರಾಗಿ” ಅಂದ. ಆಸೀನಳಾದೆ. ಲಾಂಡ್ರಿ ಮೆಷಿನ್ನುಗಳ ಸದ್ದಿನಲ್ಲಿ ತಂಗಿ ಕಲಿತ ಇಂಗ್ಲಿಷು ಅಷ್ಟಕ್ಕಷ್ಟೆ, ಅದಕ್ಕೇ ಇವನು.

ಊರು ಬಿಡುವಾಗ ಅಕ್ಕನಿಗೆ ಏನು ಹೇಳಿದಿರಿ? ಅಧಿಕಾರಿ ಕೇಳಿದ.

“ಬರ್ತೀನಿ ಅಂದೆ.”

ದುಭಾಷಿ ಅದನ್ನು ‘ವಾಪಸ್ ಬರುವುದಾಗಿ ಮಾತು ಕೊಟ್ಟರು’ ಅಂತ ಮಾಡಿದ. ಅಷ್ಟು ಇಂಗ್ಲಿಷು ನನಗೆ ಬರುತ್ತದೆ. ಅಧಿಕಾರಿಯ ಪೆನ್ನು ನಿಂತಿತು. ಇಲ್ಲೇ ನೆಲೆಸುವವರು ಮಾತ್ರ ಮಕ್ಕಳನ್ನು ಕರೆಸಿಕೊಳ್ಳಬಹುದಂತೆ. ವಾಪಸ್ ಹೋಗುವವರಿಗೆ ಆ ಅನುಕೂಲವಿಲ್ಲ.

ತಂಗಿ ಕಕ್ಕಾಬಿಕ್ಕಿ. ನನ್ನ ಕಡೆ ತಿರುಗಿದಳು. ನಾನು ಗೋಡೆ ಗಡಿಯಾರ ನೋಡಿದೆ. ಹನ್ನೊಂದು ವರ್ಷದಿಂದ ನಾನು ಮಾಡಿಕೊಂಡು ಬಂದ ಅರ್ಥವನ್ನೇ ಆ ಪುಣ್ಯಾತ್ಮ ಹೇಳಿದ್ದ. ‘ಇಲ್ಲ’ ಅನ್ನುವ ಕೆಟ್ಟ ಹೆಸರೂ ಇಲ್ಲದೆ ಕೆಲಸ ಆಯಿತು.

ನನ್ನ ಹೇಳಿಕೆ ಸೋಮವಾರ.

ಶನಿವಾರ, ಮಾರ್ಚ್ 9

ಮೆಣಸಿಯ ಫೋನು. ಅವಳಾಗಿ ಮಾಡಿದ್ದು.

“ಏನಾಯ್ತು ದೊಡ್ಡಮ್ಮ?”

“ಆಗಲ್ಲ ಅನ್ಸುತ್ತೆ ಕಣೇ. ನಿಮ್ಮಮ್ಮ ಬರ್ತೀನಿ ಅಂತ ಹೇಳಿ ಹೋದಳಲ್ಲ, ಅದೇ ಮುಳುವಾಯ್ತು.”

“ಅದನ್ನ ಎಲ್ಲರೂ ಅಂತಾರಲ್ಲ! ಮೊನ್ನೆ ನೀನೂ ಅಂದೆ.”

“ನಾನು ಬರ್ತೀನಲ್ಲ.”

“ನೀನು ಬರ್ದೆ ಇರ್ತೀಯಾ? ಇಲ್ಲಿ ಅಂಗಡಿ ಇದೆ ನಿಂದು.” ಆಮೇಲೆ ಕೇಳಿದಳು. “ನೀನು ಅಲ್ಲೇ ಇದ್ದೆಯಲ್ಲ. ಅವರಿಗೆ ಹೇಳ್ಲಿಲ್ವಾ?”

ಸಿಗ್ನಲ್ ಇಲ್ಲ ಅಂದೆ. ನಾಲ್ಕೂ ಕಡ್ಡಿ ಇತ್ತು.

ಸೋಮವಾರ, ಮಾರ್ಚ್ 11

ನನ್ನ ಅಂಗಡಿಯಲ್ಲಿ ಕದ್ದ ಮಾಲು ಕೊಳ್ಳುವುದಿಲ್ಲ. ಎಷ್ಟು ಅಗ್ಗಕ್ಕೆ ಕೊಟ್ಟರೂ, ಎಂಥ ಬೀಟೆ ಮರವಾದರೂ. ನಿನ್ನೆಯೆಲ್ಲ ಅದೇ ತಲೆಯಲ್ಲಿ. ಒಬ್ಬ ಅರೆಬರೆ ದುಭಾಷಿ ತಪ್ಪಿ ಬೀಳಿಸಿದ್ದನ್ನು ಎತ್ತಿಕೊಂಡು ಮನೆಗೆ ಹೋಗುವುದೇ? ಅದೂ ಹುಡುಗಿಯನ್ನು?

ಅಧಿಕಾರಿಯ ಮುಂದೆ ಕೂತು ದುಭಾಷಿಯ ಕಡೆ ತಿರುಗಿದೆ.

“ಮೊದಲು ನಿನ್ನ ತಪ್ಪು ನೀನೇ ಹೇಳು ಅವರಿಗೆ.”

“ಕ್ಷಮಿಸಿ, ತಾವು ಏನೆಂದಿರಿ?”

“ತಾವು ಗೀವು ಬಿಡಪ್ಪ. ನಮ್ಮಲ್ಲಿ ಹೊರಡೋರೆಲ್ಲ ಬರ್ತೀನಿ ಅಂತಲೇ ಅನ್ನೋದು. ಮನೆ ಖಾಲಿ ಮಾಡೋ ಬಾಡಿಗೆದಾರನೂ ಓನರ್‌ಗೆ ಬರ್ತೀನಿ ಅಂತಾನೆ. ನಿಜವಾಗ್ಲೂ ಬಂದ್ರೆ ಓನರ್ ಬಾಗಿಲು ಹಾಕ್ಕೋತಾನೆ!”

ದುಭಾಷಿ ಬೆವರಿಳಿಸಿಕೊಂಡು ಅದನ್ನು ಹೇಳಿದ. ಅಧಿಕಾರಿ ನಗಲಿಲ್ಲ. ಹಾಗಾದರೆ ನಿಜವಾಗಿ ಬರುವವರು ಏನನ್ನುತ್ತಾರೆ?

“ಅವರೂ ಬರ್ತೀನಿ ಅಂತಾರೆ.”

ವ್ಯತ್ಯಾಸ ತಿಳಿಯುವುದು ಹೇಗೆ?

“ತಿಳಿಯಲ್ಲ. ನಂಗೇ ಹನ್ನೊಂದು ವರ್ಷ ಹಿಡೀತು.”

ಹಾಗಾದರೆ ನಿಮ್ಮ ಒಪ್ಪಿಗೆ ಇದೆಯೇ?

“ಹೂಂ.”

ಇದಕ್ಕೆ ದುಭಾಷಿ ಬೇಕಾಗಲಿಲ್ಲ.

ಹೊರಗೆ ಕಾರಿಡಾರಿನಲ್ಲಿ ತಂಗಿ ಕಣ್ಣೀರು ಸುರಿಸುತ್ತ ಕೈ ಹಿಡಿಯಲು ಬಂದಳು.

“ಮುಟ್ಟಬೇಡ. ನಿನಗೋಸ್ಕರ ಮಾಡಿದ್ದಲ್ಲ.”

ಭಾನುವಾರ, ಜೂನ್ 16

ಯಾರಿಗೆ ಏನು ದಕ್ಕಿತು.

ಮೇಷ್ಟ್ರಿಗೆ: ‘ಬರ್ತೀನಿ’ ಕುರಿತು ಹನ್ನೆರಡು ಪುಟದ ಲೇಖನ. ನಾನು ಅದರಲ್ಲಿ ‘ಓರ್ವ ಮಹಿಳೆ’.

ದುಭಾಷಿಗೆ: ಒಂದು ಕ್ರಿಯಾಪದ, ಬಿಟ್ಟಿಯಾಗಿ.

ಬ್ಯಾಂಕ್ ಮೇಡಂಗೆ: ಫಸ್ಟ್ ಕ್ಲಾಸು. ನಿದ್ದೆಯಲ್ಲೂ ಓದುತ್ತಿದ್ದಳೋ ಏನೋ.

ತಂಗಿಗೆ: ಮಗಳು. ಖಾರದ ಬಾಯಿ ಸಮೇತ. ಅನುಭವಿಸಲಿ.

ಮೆಣಸಿಗೆ: ಕಿಟಕಿ ಪಕ್ಕದ ಸೀಟು. ಅಮ್ಮ.

ನನಗೆ: ಸರ್ಟಿಫಿಕೇಟು, ಹೆಸರು ತಪ್ಪಾಗಿ ಅಚ್ಚಾಗಿದೆ. ಮೆಣಸಿ ಮಲಗುತ್ತಿದ್ದ ಮಂಚ. ಮಧ್ಯಾಹ್ನ ಗಿರಾಕಿಯೊಬ್ಬ ಒಳ್ಳೆ ರೇಟೇ ಹೇಳಿದ. ಕೊಡಲ್ಲ ಅಂದೆ. ಮತ್ತೆ, ಬೆಳಿಗ್ಗೆ ಬಾಗಿಲಲ್ಲಿ ಬ್ಯಾಗು ಹೆಗಲಿಗೇರಿಸಿ ನಿಂತು, “ದೊಡ್ಡಮ್ಮಾ…” ಅಂತ ಶುರು ಮಾಡಿ ಅವಳು ಹೇಳಿದ ಅದೇ ಒಂದು ಮಾತು. ಅದನ್ನು ಲೆಕ್ಕದಲ್ಲಿ ಬಂದದ್ದಕ್ಕೆ ಬರೆದುಕೊಳ್ಳಲೋ, ಹೋದದ್ದಕ್ಕೋ —